ತುಳಸಿ ಎಲೆ ಹಾಕಿದ ಸ್ಮೂದಿ

ಮೊದಲೇ ಹೇಳಿಬಿಡುತ್ತೇನೆ, ಹಸಿರು ಸ್ಮೂದಿಯ ಮೇಲೆ ನನಗೆ ನಂಬಿಕೆ ಇಲ್ಲ. ಆವತ್ತೂ ಇರಲಿಲ್ಲ, ಈಗಲೂ ಇಲ್ಲ. ಹಬ್ಬದಲ್ಲಿ ತಿಂದದ್ದೆಲ್ಲ ಹೊಟ್ಟೆಯೊಳಗೆ ವಿಷವಾಗಿ ಕೂತಿದೆ, ಪಾಲಕ್ ಸೊಪ್ಪಿನ ರಸ ಬಂದು ಅದನ್ನು ಗುಡಿಸಿ ಒರೆಸಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ. ಯಾವ ವಿಷ? ಹೆಸರು ಹೇಳಿ. ಲಿವರ್ ಎಂಬ ನೌಕರ ರಜೆ ಹಾಕದೆ, ಬಡ್ತಿ ಕೇಳದೆ ಹಗಲೂ ರಾತ್ರಿ ಇದೇ ಕೆಲಸ ಮಾಡುತ್ತಿದ್ದಾನೆ. ಅವನ ಮೇಜಿನ ಮೇಲೆ ಒಂದು ಲೋಟ ಹಸಿರು ನೀರಿಟ್ಟು, ಮಾಡಿದ ಕೆಲಸದ ಹೆಸರನ್ನೆಲ್ಲ ಆ ಲೋಟಕ್ಕೆ ಕೊಡುವುದು ಯಾವ ನ್ಯಾಯ?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಹೆಚ್ಚಾಗಿ ವಿರೋಧದ ಕಡೆಗೇ ಕೂರಿಸುತ್ತಿದ್ದರು. ಅದು ರೂಢಿಯಾಗಿ ಮನೆಯಲ್ಲೂ ಅದೇ ಕುರ್ಚಿ ಹಿಡಿದು ಕೂತಿದ್ದೇನೆ. "ನಿನ್ನ ಕೂಡ ಮಾತಾಡೋದಂದ್ರ ಕೋರ್ಟಿನ ಕಟ್ಟಿ ಹತ್ತಿದಂಗ," ಎನ್ನುತ್ತಾಳೆ ಅಮ್ಮ. ಅಪ್ಪ ಏನೂ ಎನ್ನುವುದಿಲ್ಲ. ಅವರು ಮಾರ್ಕೆಟ್ ಯಾರ್ಡಿನ ಬೆಲ್ಲದ ಸಗಟು ಅಂಗಡಿಯಲ್ಲಿ ಗುಮಾಸ್ತರು. ದಿನವಿಡೀ ವ್ಯಾಪಾರಿಗಳ ಚೌಕಾಸಿ ಕೇಳಿ ಬಂದವರಿಗೆ ನನ್ನ ವಾದವೆಲ್ಲ ಜೋಗುಳದ ಹಾಗೆ. ಕೇಳುತ್ತಾ ಕೂತಲ್ಲೇ ನಿದ್ದೆ ಹೋಗುತ್ತಾರೆ.

ನಮ್ಮದು ವಿಜಯಪುರದ ಕಡೆಯ ಮನೆತನ, ಇರುವುದು ಪುಣೆಯ ಬಿಬವೇವಾಡಿಯಲ್ಲಿ, ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ದೀಪಾವಳಿ ಬಂತೆಂದರೆ ಆ ಕಟ್ಟಡದ ಮೆಟ್ಟಿಲ ಮೇಲೆ ಜನರಿಗಿಂತ ಹೆಚ್ಚಾಗಿ ಡಬ್ಬಿಗಳು ಓಡಾಡುತ್ತವೆ. ಚಕ್ಕುಲಿ, ಶಂಕರಪಾಳಿ, ಕರ್ಚಿಕಾಯಿ, ಬೇಸನ್ ಉಂಡಿ, ಅವಲಕ್ಕಿ ಚೂಡಾ, ಎಲ್ಲ ಸೇರಿ ಇಲ್ಲಿ ಅದಕ್ಕೆ ಫರಾಳ ಎನ್ನುತ್ತಾರೆ. ಬಂದ ಡಬ್ಬಿಯನ್ನು ಬರಿದಾಗಿ ವಾಪಸು ಕಳಿಸುವಂತಿಲ್ಲ. ಹಾಗಾಗಿ ಅವರ ಚಕ್ಕುಲಿ ನಮ್ಮ ಮನೆಗೆ, ನಮ್ಮ ಉಂಡಿ ಅವರ ಮನೆಗೆ, ಅವರ ಕರ್ಚಿಕಾಯಿ ಮತ್ತೆ ನಮ್ಮ ಮನೆಗೆ. ಈ ಸರಪಳಿಗೆ ತರ್ಕದ ಪ್ರಕಾರ ಕೊನೆಯೇ ಇಲ್ಲ. ಯಾರದಾದರೂ ಹೊಟ್ಟೆ ಕೈ ಎತ್ತಿದಾಗ ಮಾತ್ರ ನಿಲ್ಲುತ್ತದೆ. ಈ ಸಲ ಎಲ್ಲರದೂ ಒಟ್ಟಿಗೆ ಕೈ ಎತ್ತಿತು. ಅಪ್ಪ ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡು ಬಂದರು. ನಾನು ಜೀನ್ಸ್ ಬಿಟ್ಟು ಪೈಜಾಮದ ಪಕ್ಷಕ್ಕೆ ಸೇರಿದೆ.

ಈಗ ಅಮ್ಮನ ವಿಷಯ. ದೀಪಾವಳಿಯಾದ ಮೇಲೆ ನಮ್ಮ ಕಟ್ಟಡದ ಅಂಗಳದಲ್ಲಿ ತುಳಸಿ ಲಗ್ನ ಮಾಡುತ್ತಾರೆ. ಕಬ್ಬಿನ ಮಂಟಪ, ಅಂತರಪಟ, ಮಂಗಳಾಷ್ಟಕ, ಆಮೇಲೆ ಎಲ್ಲರಿಗೂ ಊಟ. ಅಡುಗೆಯ ಯಜಮಾನಿಕೆ ಮೊದಲಿನಿಂದಲೂ ಕೆಳಮನೆಯ ಕಾಕೂರದು, ಎಂದರೆ ಇಡೀ ಕಟ್ಟಡಕ್ಕೇ ಚಿಕ್ಕಮ್ಮನಾದ ಹಿರಿಯರದು. ಅಮ್ಮನ ಪಾಲಿಗೆ ಬರುತ್ತಿದ್ದದ್ದು ಕೊತ್ತಂಬರಿ ಸೋಸುವುದು, ಮಂಟಪಕ್ಕೆ ದಾರ ಕಟ್ಟುವುದು, ಊಟದೆಲೆ ಒರೆಸುವುದು. ಒಲೆಯ ಹತ್ತಿರ ಹೋದರೆ ಸಾಕು, ಯಾರಾದರೂ ಒಬ್ಬರು ನಗುನಗುತ್ತಾ "ಕಶಾಲಾ ತ್ರಾಸ" ಎನ್ನುತ್ತಿದ್ದರು. ನಿಮಗ್ಯಾಕೆ ತೊಂದರೆ, ಎಂದು ಅದರ ಅರ್ಥ. ಪುಣೆಯಲ್ಲಿ ಇದಕ್ಕಿಂತ ಸಭ್ಯವಾಗಿ ಬಾಗಿಲು ಮುಚ್ಚಲು ಸಾಧ್ಯವಿಲ್ಲ. ನಾನು ಹುಟ್ಟುವ ಮೊದಲಿನಿಂದ ಈ ಕಟ್ಟಡದಲ್ಲಿರುವ ಅಮ್ಮ ಪ್ರತಿ ವರ್ಷ ನಕ್ಕು ಹಿಂದೆ ಸರಿಯುತ್ತಿದ್ದಳು. ಒಮ್ಮೆ ಮಾತ್ರ, ಹಿಟ್ಟು ನಾದುತ್ತಾ, ಹಿಟ್ಟಿಗೇ ಹೇಳುವವಳ ಹಾಗೆ ಹೇಳಿದ್ದಳು: "ಒಂದs ಸಲ ಆ ದೊಡ್ಡ ಪಾತೇಲಿ ಮುಂದ ನಾ ನಿಂದರಬೇಕು ನೋಡು."

ಈ ವರ್ಷ ಕಾಕೂ ತಮಗೆ ಮೊಣಕಾಲು ನೋವೆಂದೂ, ಅಡುಗೆಯನ್ನು ಬೇರೆಯವರು ವಹಿಸಿಕೊಳ್ಳಬೇಕೆಂದೂ ಹೇಳಿದರು. ಯಾರು ಎಂದು ಗೊತ್ತುಮಾಡಲು ಹೆಂಗಸರೆಲ್ಲ ಭಾನುವಾರ ಸೇರುವುದು ಎಂದಾಯಿತು. ಅಮ್ಮ ಕೂಡಲೇ ನಮ್ಮ ಮನೆಗೇ ಬನ್ನಿ ಅಂದಳು. ಬರುತ್ತೇವೆ, ಆದರೆ ಕರಿದದ್ದು ಸಿಹಿಯದ್ದು ಏನೂ ಬೇಡ, ಏನಾದರೂ ಹಗುರವಾದದ್ದು ಸಾಕು, ಅಂದರು ಅವರು. ಯಾರೋ ಹಸಿರು ಸ್ಮೂದಿ ಅಂದರು. ಅಮ್ಮ "ಹೋ, ಮೀ ಕರತೇ" ಅಂದಳಂತೆ, ನಾನು ಮಾಡುತ್ತೇನೆ ಎಂದು. ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ನನ್ನ ಮುಂದೆ ನಿಂತಳು.

"ಸ್ಮೂದಿ ಅಂದ್ರ ಏನು?"

"ಮಾಡ್ತೀನಿ ಅಂತ ಹೇಳಿ ಬಂದೀಯಲ್ಲ?"

"ಹೇಳೋದು ಹೇಳಾಗೇದ. ಈಗ ಏನಂತ ಹೇಳು."

ನಾನು ಎದ್ದು ಕೂತು ವಿರೋಧವನ್ನು ಕ್ರಮವಾಗಿ ಮಂಡಿಸಿದೆ. ಮೊದಲನೆಯದಾಗಿ ವಿಷ ಎಂಬುದೇ ಸುಳ್ಳು. ಎರಡನೆಯದಾಗಿ ಹಗುರವೇ ಬೇಕಾದರೆ ಮಜ್ಜಿಗೆ ಇದೆ. ಮೂರನೆಯದಾಗಿ ನಮ್ಮ ಲಿವರ್ ಇದೆ.

"ಮಜ್ಜಿಗಿ ಎಲ್ಲಾರ ಮನ್ಯಾಗೂ ಅದ," ಅಂದಳು ಅಮ್ಮ. "ಇನ್ನ ನಿನ್ನ ಲಿವರ್ ತಗೊಂಡು ನಾ ಏನ್ ಮಾಡ್ಲಿ? ಗ್ಲಾಸಿನ್ಯಾಗ ಹಾಕಿ ಕೊಡ್ಲೇನು?"

ತೀರ್ಪು ಆಗಿಹೋಯಿತು. ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದೆವು. ಅದರಲ್ಲಿ ತೆಳ್ಳಗಿನ ಹೆಂಗಸೊಬ್ಬಳು ಪಾಲಕ್, ಸೌತೆಕಾಯಿ, ಹಸಿರು ಸೇಬು, ಪುದೀನ, ಶುಂಠಿ, ನಿಂಬೆರಸ ಎಲ್ಲವನ್ನೂ ರುಬ್ಬಿ, ನಿಮ್ಮ ದೇಹ ಏನು ಹೇಳುತ್ತದೆ ಕೇಳಿ, ಎನ್ನುತ್ತಿದ್ದಳು. ನಾನು ಕೇಳಿದೆ. ನನ್ನ ದೇಹ ಬೇಸನ್ ಉಂಡಿ ಎಂದಿತು. ಹೋಗಿ ಒಂದು ತಿಂದು ಬಂದೆ.

ಭಾನುವಾರ ಬೆಳಗಿನ ಜಾವ ಅಪ್ಪ ಮಾರ್ಕೆಟ್ ಯಾರ್ಡಿಗೆ ಹೋಗಿ ದೊಡ್ಡ ಚೀಲದ ತುಂಬ ಸೊಪ್ಪು ತಂದರು. ಬೆಲ್ಲದ ವಿಷಯದಲ್ಲಿ ಅವರು ಪಂಡಿತರು, ಮೂಸಿದರೆ ಊರು ಹೇಳುತ್ತಾರೆ. ಸೊಪ್ಪಿನ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಅದು ಹಸಿರಾಗಿರುತ್ತದೆ ಎಂಬುದಷ್ಟೆ. ನನಗೆ ಗೊತ್ತಿರುವುದೂ ಅಷ್ಟೆ. ಅಮ್ಮ ಹೊರಕೋಣೆಯಲ್ಲಿ ದಿಂಬಿನ ಹೊದಿಕೆ ಬದಲಿಸುತ್ತಿದ್ದಳು, ನಾನು ಒಳಗೆ ಕೂತು ಸೊಪ್ಪು ಸೋಸಿ, ತೊಳೆದು, ದಂಟನ್ನು ಕಸದ ಬುಟ್ಟಿಗೆ ಹಾಕಿ ಎಲೆಯನ್ನು ಮಿಕ್ಸರಿಗೆ ತುಂಬಿದೆ. ಶುಂಠಿ, ಪುದೀನದ ಘಾಟು ಅಡುಗೆಮನೆಯೆಲ್ಲ ತುಂಬಿತು. ನಮ್ಮ ಮಿಕ್ಸರ್ ಹಳೆಯದು, ಅದರ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿಯದಿದ್ದರೆ ಒಳಗಿದ್ದದ್ದು ಗೋಡೆಗೆ ಹೋಗುತ್ತದೆ. ಅಪ್ಪ ಅದುಮಿದರು, ನಾನು ಗುಂಡಿ ಒತ್ತಿದೆ. ಆದರೂ ಒಂದಿಷ್ಟು ಹಾರಿ ಅಪ್ಪನ ಬನಿಯನ್ನಿಗೆ ಬಿತ್ತು.

"ಹಗರ ಅದ ನೋಡು," ಅಂದರು ಅಪ್ಪ, ಎದೆ ನೋಡಿಕೊಂಡು. "ಹಾರಿ ಬಂತು."

ಹಸಿರೆಂದರೆ ಅಂಥ ಹಸಿರು. ನಂಬಿಕೆಯಿಲ್ಲದವಳಿಗೂ ಒಂದು ಕ್ಷಣ ಭಕ್ತಿ ಬರುವಂಥದ್ದು. ಚಮಚ ಅದ್ದಿ ಬಾಯಿಗಿಡಲು ಹೋದೆ. ಅಮ್ಮ ಬಾಗಿಲಲ್ಲೇ ಕಂಡುಬಿಟ್ಟಳು.

"ಏ, ಬಾಯಿಗೆ ಹಚ್ಚಬ್ಯಾಡ. ನೈವೇದ್ಯ ಆಗಿಲ್ಲ."

ದೀಪಾವಳಿಯಿಂದ ತುಳಸಿ ಲಗ್ನದವರೆಗೆ ನಮ್ಮ ಮನೆಯ ಕಟ್ಟಳೆ ಇದು. ಏನೇ ಮಾಡಲಿ, ಮೊದಲು ದೇವರ ಮುಂದೆ, ಆಮೇಲೆ ನಮ್ಮ ಬಾಯಿಗೆ. ಉಪ್ಪು ನೋಡುವಂತಿಲ್ಲ, ಹುಳಿ ನೋಡುವಂತಿಲ್ಲ. ಅಮ್ಮ ಕೈಯಂದಾಜಿನಲ್ಲೇ ಅಡುಗೆ ಮಾಡುತ್ತಾಳೆ, ತಪ್ಪಿದ್ದು ನನಗೆ ನೆನಪಿಲ್ಲ.

"ಅಮ್ಮಾ, ಇದು ಅಡಗಿ ಅಲ್ಲ. ಒಲಿ ಹಚ್ಚಿಲ್ಲ. ಒಲಿ ಹಚ್ಚದ್ದಕ್ಕ ನೈವೇದ್ಯದ ನಿಯಮ ಹತ್ತಂಗಿಲ್ಲ."

"ಬಾಳೆಹಣ್ಣಿಗೆ ಒಲಿ ಹಚ್ಚತಾರೇನು? ಅದನ್ನ ಇಡಂಗಿಲ್ಲೇನು ದೇವರ ಮುಂದ?"

ಒಳ್ಳೆಯ ಮರುವಾದ. ನಾನು ಬೇರೆ ದಾರಿ ಹಿಡಿದೆ. "ಹಬ್ಬ ಮುಗಿಯೂತನಾ ಆ ದೇವರಿಗೆ ಉಂಡಿ, ಕರ್ಚಿಕಾಯಿ ತಿನಿಸೀದಿ. ಈಗ ಈ ರಸಾ ಕುಡಸ್ತೀಯಾ?"

"ಅದಕ್ಕs ಅಲ್ಲ ಮತ್ತ," ಅಂದಳು ಅಮ್ಮ. "ಅವಂಗೂ ಹಗರ ಆಗಬೇಕಲ್ಲ."

ನನ್ನ ಕೈಯಿಂದ ಚಮಚ ಕಸಿದುಕೊಂಡಳು. ದೇವರ ಬೆಳ್ಳಿ ಬಟ್ಟಲಿಗೆ ಸ್ಮೂದಿ ಸುರಿದು, ಮೇಲೊಂದು ತುಳಸಿ ಎಲೆ ತೇಲಿಬಿಟ್ಟು, ಮಂಡಲ ಬರೆದು ಇಟ್ಟು, ಕಣ್ಣುಮುಚ್ಚಿ ನೀರು ಸುತ್ತಿದಳು. ಪಾಚಿಗಟ್ಟಿದ ಕೆರೆಯಲ್ಲಿ ತುಳಸಿ ಎಲೆಯೊಂದು ದಾರಿ ತಪ್ಪಿ ಬಂದು ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನೈವೇದ್ಯ ಅಲ್ಲಿಗೇ ಕೆಡುತ್ತಿತ್ತು.

"ಈಗ ನೋಡು ರುಚಿ," ಅಂದಳು ಅಮ್ಮ.

ನಾನು ಒಂದು ಗುಟುಕು ಕುಡಿದೆ.

ಅದನ್ನು ಹುಳಿ ಎಂದರೆ ಹುಳಿಗೆ ಅವಮಾನ. ದವಡೆ ಎರಡೂ ಕಡೆಯಿಂದ ಬೀಗ ಹಾಕಿಕೊಂಡಿತು, ಕಿವಿ ತಾನಾಗಿ ಅಲುಗಾಡಿತು, ಒಂದು ಕಣ್ಣು ಮುಚ್ಚಿತು, ಇನ್ನೊಂದು ಅದನ್ನು ಹಿಂಬಾಲಿಸಿತು. ಸಭೆಯಲ್ಲಿ ಎಂದೂ ಮಾತು ಸೋತವಳಲ್ಲ ನಾನು. ಆವತ್ತು ನನ್ನ ಬಾಯಿಂದ ಬಂದದ್ದು ಕುಕ್ಕರಿನ ಸೀಟಿ ಕೂಗುವ ಮೊದಲು ಬರುತ್ತದಲ್ಲ, ಅಂಥ ಒಂದು ಸದ್ದು.

"ಹ್ಯಾಂಗದ?" ಎಂದು ಅಪ್ಪ ಕೇಳಿದರು. ಉತ್ತರ ಬರದ್ದು ಕಂಡು ಅವರಿಗೆ ಎಲ್ಲಿಲ್ಲದ ಕುತೂಹಲ. ತಾವೂ ಒಂದು ಗುಟುಕು ಎಳೆದರು. ಗೋಡೆ ಹಿಡಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ, "ಇದಕ್ಕ ಕರೆಂಟಿನ ಬಿಲ್ ಬರಬೇಕು," ಅಂದರು.

ಅಮ್ಮ ನಗಲಿಲ್ಲ. ಕಸದ ಬುಟ್ಟಿಗೆ ಕೈಹಾಕಿ ಒಂದು ದಂಟು ತೆಗೆದು, ಮುರಿದು, ಮೂಸಿದಳು.

"ಏನ್ರಿ, ಇದು ಪಾಲಕ್ ಏನು?"

"ಪಾಲಕ್ ಅಲ್ಲೇನು?"

"ಚುಕ್ಕಾ ಇದು. ಬ್ಯಾಳ್ಯಾಗ ಹಾಕೋ ಹುಳಿಸೊಪ್ಪು. ಇದರ ಮ್ಯಾಲ ನಿಂಬಿಹಣ್ಣು ಬ್ಯಾರೆ ಹಿಂಡೀರಿ. ನಿಮ್ಮಿಬ್ಬರಿಗೂ ಕಣ್ಣು ಅದಾವೋ ಇಲ್ಲೋ?"

"ತಂದಾಂವ ನಾನು, ಖರೆ," ಅಂದರು ಅಪ್ಪ. "ಸೋಸಿದಾಕಿ ಅಕಿ."

"ನೋಡ್ಲಿಕ್ಕೆ ಎರಡೂ ಒಂದs ಥರಾ ಅದಾವ," ಎಂದು ನಾನು ಶುರುಮಾಡಿದೆ. "ಹಂಗಾಗಿ ಇದನ್ನ ನಿಷ್ಕಾಳಜಿ ಅನ್ಲಿಕ್ಕೆ..."

ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವಳ ಕೈಯಲ್ಲಿ ಇನ್ನೂ ಆ ದಂಟು ಇತ್ತು. "ಇನ್ನೇನು ಬಂದಬಿಡ್ತಾರ," ಅಂದಳು. "ಒಂದ್ ಗ್ಲಾಸ್ ರಸಾ ಮಾಡ್ಲಿಕ್ಕೆ ಬರಂಗಿಲ್ಲ, ಊರ ಅಡಗಿ ಏನ್ ಮಾಡ್ತಾಳ ಅಂತಾರ. ಅನ್ನಂಗಿಲ್ಲ ಬಾಯ್ಲೆ. ಕಶಾಲಾ ತ್ರಾಸ ಅಂತಾರ, ಮತ್ತ ಕೊತ್ತಂಬರಿ ಕೊಡ್ತಾರ ಕೈಯಾಗ."

ಅಪ್ಪ ಮೆಲ್ಲಗೆ ಕಪಾಟಿನ ಕೆಳಗಿನ ಅರೆಯ ಬಾಗಿಲು ತೆಗೆದರು. ಅಲ್ಲಿ ಅವರ ಅಂಗಡಿಯ ಬೆಲ್ಲದ ಪೆಂಟಿ ಇರುತ್ತದೆ, ವರ್ಷವಿಡೀ. ಅದನ್ನು ಎತ್ತಿ ಕಟ್ಟೆಯ ಮೇಲಿಟ್ಟರು.

ಅಮ್ಮ ಬೆಲ್ಲ ನೋಡಿದಳು. ಜಗ್ಗಿನಲ್ಲಿದ್ದ ಹಸಿರು ನೋಡಿದಳು. ಎದ್ದಳು.

"ಮಾವಿನಕಾಯಿಗೆ ಬೆಲ್ಲಾ ಹಾಕಿ ಪನ್ಹೆ ಮಾಡ್ತೀವಲ್ಲ," ಅಂದಳು. "ಅದೂ ಹುಳೀನs. ಜೀರಿಗಿ ಹುರಿ."

"ಅಮ್ಮಾ, ಸಿಹಿ ಬ್ಯಾಡ ಅಂದಾರ ಅವ್ರು. ಬೆಲ್ಲಾ ಹಾಕಿದ್ರ ಇದು ಸ್ಮೂದಿ ಅನ್ನೋ ಮಾತs..."

"ವಾದ ಆಮ್ಯಾಲ ಮಾಡು. ಈಗ ಬೆಲ್ಲಾ ಕುಟ್ಟು."

ನಾನು ಕುಟ್ಟಿದೆ. ಕುಟ್ಟುತ್ತಾ ಕುಟ್ಟುತ್ತಾ ನಗು ಹೊರಟಿತು. ಹಬ್ಬದ ಸಿಹಿಯಿಂದ ಬಿಡುಗಡೆ ಪಡೆಯಲು ಮಾಡಿದ ಪಾನೀಯಕ್ಕೆ ನಾನೇ ಬೊಗಸೆ ತುಂಬ ಬೆಲ್ಲ ಸುರಿಯುತ್ತಿದ್ದೇನೆ. ಇಡೀ ಜನ್ಮದಲ್ಲಿ ಸ್ಮೂದಿಯ ವಿರುದ್ಧ ಇಷ್ಟು ಬಲವಾದ ವಾದವನ್ನು ನಾನು ಮಂಡಿಸಿರಲಿಲ್ಲ. ಕುಟ್ಟುವ ಕಲ್ಲು ಕೈಯಿಂದ ಜಾರಿತು. ಅಪ್ಪ ಜೀರಿಗೆ ಹುರಿಯಲು ಹೋಗಿ ಕರಕಲು ಮಾಡಿ, ಇನ್ನೊಮ್ಮೆ ಹುರಿದರು. ಅಮ್ಮ ರಸವನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಲದ ನೀರು ಬೆರೆಸಿ, ಜೀರಿಗೆ, ಕರಿ ಉಪ್ಪು ಹಾಕಿ, ಐಸ್ ಸುರಿದಳು. ಬಣ್ಣ ಮಾತ್ರ ಹೋಯಿತು. ಹಸಿರೆಂದು ಒಪ್ಪಿಸಬೇಕಾದರೆ ಸಾಕ್ಷಿ ಕರೆಯಬೇಕಾದಂಥ ಬಣ್ಣ. "ಕೆಸರಿನ್ಯಾಗ ಎಮ್ಮಿ ಎದ್ದು ಹೋದಂಗ ಅದ," ಅಂದರು ಅಪ್ಪ. ಆಗ ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಕಟ್ಟೆ ಹಿಡಿದುಕೊಂಡು, ಭುಜ ಕುಣಿಸುತ್ತಾ ನಕ್ಕಳು. ಆ ಹೊತ್ತಿಗೆ ಸರಿಯಾಗಿ ಕರೆಗಂಟೆಯ ಸದ್ದಾಯಿತು.

ಕೆಳಮನೆಯ ಕಾಕೂ ಮುಂದೆ, ಉಳಿದವರು ಹಿಂದೆ. ಕಾಕೂರ ತವರು ಪುಣೆಯ ಹತ್ತಿರದ ಸಾಸವಡ. ಅಲ್ಲಿಂದ ಬಂದ ಸೀತಾಫಲದ ಚೀಲವನ್ನು ಅಮ್ಮನ ಕೈಗಿಟ್ಟು, ಮೊಣಕಾಲು ಹಿಡಿದುಕೊಂಡು ಸೋಫಾದಲ್ಲಿ ಕೂತರು. ನಾನು ಗ್ಲಾಸುಗಳ ತಟ್ಟೆ ಹಿಡಿದು ಹೊರಗೆ ಬಂದೆ. ಅಪ್ಪ ಮಲಗುವ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು, ಹಸಿರು ಕಲೆಯ ಬನಿಯನ್ನಿನ ಸಮೇತ.

ಎಲ್ಲರೂ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಕುಡಿದರು. ನ್ಯಾಯಾಧೀಶರು ಅಂಕ ಬರೆಯುವ ಹೊತ್ತಿನ ಮೌನ ನನಗೆ ಚೆನ್ನಾಗಿ ಗೊತ್ತು, ಇದು ಅದಕ್ಕಿಂತ ಕಠಿಣವಾಗಿತ್ತು. ಅಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಎರಡನೇ ಮಹಡಿಯವರು ಗ್ಲಾಸ್ ಮುಂದೆ ಚಾಚಿ, ಇನ್ನೂ ಇದೆಯಾ, ಎಂದು ಮರಾಠಿಯಲ್ಲಿ ಕೇಳಿದರು. ಅವರ ಪಕ್ಕದವರೂ ಚಾಚಿದರು. ಕಾಕೂ ಮಾತ್ರ ನಾಲಿಗೆ ಚಪ್ಪರಿಸುತ್ತಾ ಯೋಚಿಸುತ್ತಿದ್ದರು.

"ಹಾ ಪಾಲಕ್ ನಾಹೀ," ಅಂದರು. "ಚುಕಾ ಆಹೇ."

ಇದು ಪಾಲಕ್ ಅಲ್ಲ, ಚುಕ್ಕಾ. ಸಾಸವಡದ ಹಿತ್ತಿಲಲ್ಲಿ ಕಾಕೂ ಅದನ್ನು ತಿಂದೇ ಬೆಳೆದವರು. ಎಲ್ಲರೂ ಅಮ್ಮನ ಕಡೆ ತಿರುಗಿದರು. ನಾನು ಅಷ್ಟರಲ್ಲಿ ಸಮರ್ಥನೆ ಸಿದ್ಧಮಾಡಿಕೊಂಡಿದ್ದೆ. ಪಾಲಕ್ ಹಳೆಯದಾಯಿತು ಕಾಕೂ, ಈಗ ಎಲ್ಲ ಕಡೆ ಚುಕ್ಕಾನೇ, ಬೇಕೆಂದೇ ಹಾಕಿದ್ದೇವೆ, ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಮಣಿಕಟ್ಟು ಹಿಡಿದಳು. ತನ್ನ ಕನ್ನಡದ ಎಳೆತದ ಮರಾಠಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಂಡ ತಂದದ್ದು, ಮಗಳು ಸೋಸಿದ್ದು, ದೇವರಿಗೆ ಇಡುವವರೆಗೆ ಯಾರೂ ಬಾಯಿಗೆ ಹಚ್ಚದಿದ್ದದ್ದು, ಮಗಳ ಕಿವಿ ಅಲುಗಾಡಿದ್ದು, ಬೆಲ್ಲ. ಕಿವಿಯ ವಿಷಯ ಬಿಡಬಹುದಿತ್ತು.

ಕಾಕೂ ನಕ್ಕರು. ಗ್ಲಾಸು ಕುಲುಕಿ ಸೀರೆಯ ಮೇಲೆ ಚೆಲ್ಲುವಷ್ಟು ನಕ್ಕರು. ಆಮೇಲೆ ಗ್ಲಾಸ್ ಕೆಳಗಿಟ್ಟು, ಒಂದು ಮಾತು ಹೇಳುತ್ತೇನೆ ಕೇಳಿ, ಅಂದರು. ಒಂದು ವರ್ಷ ತುಳಸಿ ಲಗ್ನದಲ್ಲಿ ರವೆಯ ಶಿರಾ ಕೆಂಪಗಿತ್ತಲ್ಲ, ಎಲ್ಲರೂ ಹೊಗಳಿ ಹೊಗಳಿ ತಿಂದಿರಲ್ಲ. ತಳ ಹತ್ತಿತ್ತು. ಅದರ ಮೇಲೆ ಸಕ್ಕರೆ ಕರಗಿಸಿ ಹೊಯ್ದು ಇದೇ ಹೊಸ ರೀತಿ ಅಂದಿದ್ದೆ.

ಎರಡನೇ ಮಹಡಿಯವರು ಎದೆ ಮೇಲೆ ಕೈಯಿಟ್ಟರು. "ಆ ಶಿರಾ? ನಾನು ಮನೆಯಲ್ಲಿ ಎಷ್ಟು ಸಲ ಮಾಡಲು ನೋಡಿದೆ, ಆ ಬಣ್ಣ ಬರಲೇ ಇಲ್ಲ."

"ತಳ ಹತ್ತಿಸಿ ನೋಡು," ಅಂದರು ಕಾಕೂ.

ಅಲ್ಲಿಂದ ಮುಂದೆ ಸಭೆ ನನ್ನ ಹಿಡಿತಕ್ಕೂ ಯಾರ ಹಿಡಿತಕ್ಕೂ ಸಿಗಲಿಲ್ಲ. ಒಬ್ಬೊಬ್ಬರದೂ ಒಂದೊಂದು ಗುಟ್ಟು ಹೊರಬಿತ್ತು, ಒಂದೊಂದು ಗುಟ್ಟಿಗೂ ಒಂದು ಸುತ್ತು ನಗು. ನಗುವಿಗೆ ಏನಾದರೂ ಜೊತೆ ಬೇಕಲ್ಲ ಎಂದು ಯಾರೋ ಕೇಳಿದರು. ನಮ್ಮ ಚಕ್ಕುಲಿ ಡಬ್ಬಿ ಹೊರಗೆ ಬಂತು. ಕರಿದದ್ದು ಬೇಡ ಎಂಬ ನಿರ್ಣಯವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಯಾರೂ ಪಾಲಿಸಲೂ ಇಲ್ಲ.

ಹೊರಡುವ ಮುಂಚೆ ಕಾಕೂ ಅಮ್ಮನ ಕಡೆ ತಿರುಗಿ, ಈ ಸಲ ಅಡುಗೆ ನೀವೇ ನೋಡಿಕೊಳ್ಳಿ, ಅಂದರು. ದೊಡ್ಡ ಅಡುಗೆ ಅಂದಮೇಲೆ ಏನಾದರೂ ತಪ್ಪೇ ತಪ್ಪುತ್ತದೆ, ತಪ್ಪಿದಾಗ ಕೂತುಬಿಡದವರು ಬೇಕು. ಅಮ್ಮ ಸ್ಟೂಲಿನ ಮೇಲೆ ಕೂತಿದ್ದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕೈಲಿರುವ ಸಾಕ್ಷ್ಯವನ್ನೆಲ್ಲ ಸಭೆಯ ಮುಂದೆ ಇಡಬೇಕೆಂದು ಯಾವ ಚರ್ಚೆಯಲ್ಲೂ ನನಗೆ ಕಲಿಸಿಲ್ಲ.

ಅಮ್ಮ ಆಯಿತು ಎಂದು ತಲೆಯಾಡಿಸಿದಳು, ಅಷ್ಟೆ. ಕಾಕೂ ಎದ್ದು ಖಾಲಿ ಗ್ಲಾಸುಗಳನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟರು. ಅಮ್ಮ ನಗುನಗುತ್ತಾ ಅಡ್ಡ ಬಂದು, ಅವರ ಕೈಯಿಂದ ಗ್ಲಾಸು ತೆಗೆದುಕೊಂಡು, "ಕಶಾಲಾ ತ್ರಾಸ," ಅಂದಳು.

ನಾನು ಒಳಗೆ ಓಡಿಹೋಗಿ ಫ್ರಿಜ್ಜಿನ ಮರೆಯಲ್ಲಿ ನಿಂತು ಬಾಯಿಗೆ ಟವೆಲ್ ತುರುಕಿಕೊಂಡೆ.

ಎಲ್ಲರೂ ಹೋದ ಮೇಲೆ, ಸಂಜೆ ದೀಪ ಹಚ್ಚಲು ಹೋದ ಅಮ್ಮ ದೇವರ ಕಟ್ಟೆಯಿಂದ ನಮ್ಮಿಬ್ಬರನ್ನೂ ಕರೆದಳು. ಬೆಳ್ಳಿ ಬಟ್ಟಲು ಅಲ್ಲೇ ಇತ್ತು. ಬೆಲ್ಲ ಕಾಣದ, ನೀರು ಬೆರೆಯದ, ಅಸಲು ಹಸಿರು. ತುಳಸಿ ಎಲೆ ಸ್ವಲ್ಪ ಬಾಡಿತ್ತು, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

"ಪ್ರಸಾದ," ಅಂದಳು ಅಮ್ಮ. "ಚೆಲ್ಲಂಗಿಲ್ಲ."

"ಸ್ವಲ್ಪ ಬೆಲ್ಲಾ ಹಾಕೋಣೇನು?" ಎಂದು ನಾನು ಮೆತ್ತಗೆ ಕೇಳಿದೆ.

"ದೇವರು ಹುಳೀನs ಉಂಡಾನ. ನಾವು ಸಿಹಿ ಮಾಡ್ಕೊಂಡು ಉಣ್ಣೋದೇನು?"

ಇದಕ್ಕೆ ಮರುವಾದವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ತೀರ್ಥದ ಉದ್ಧರಣೆಯಿಂದ ಅಮ್ಮ ಒಬ್ಬೊಬ್ಬರ ಅಂಗೈಗೆ ಹಾಕಿದಳು, ತಾನೂ ಹಾಕಿಕೊಂಡಳು. ಮೂವರೂ ಒಟ್ಟಿಗೆ ಕುಡಿದೆವು. ಅಪ್ಪನ ಒಂದು ಕಣ್ಣು ಮುಚ್ಚಿತು. ನನ್ನ ಕಿವಿ ಮತ್ತೆ ಅಲುಗಾಡಿತು. ಅಮ್ಮ ತಲೆಯಿಂದ ಕಾಲಿನವರೆಗೆ ಒಮ್ಮೆ ನಡುಗಿ, ದೇವರ ಕಡೆ ನೋಡಿ, "ಪಾಪ," ಅಂದಳು. ಆಮೇಲೆ ನಾವು ಮೂವರೂ ಅಲ್ಲೇ ನೆಲದ ಮೇಲೆ ಕೂತು, ಬಟ್ಟಲು ಬರಿದಾಗುವವರೆಗೆ ಒಂದೊಂದೇ ಉದ್ಧರಣೆ ಕುಡಿಯುತ್ತಾ, ಪ್ರತಿ ಸಲವೂ ಒಬ್ಬರ ಮುಖ ಒಬ್ಬರು ನೋಡಿ ಉರುಳಾಡಿ ನಕ್ಕೆವು. ನಮ್ಮ ಕಟ್ಟಡದಲ್ಲಿ ಆವತ್ತು ನಿಜವಾದ ಹಸಿರು ಸ್ಮೂದಿ ಕುಡಿದವರು ನಾವು ಮೂವರೇ, ದೇವರನ್ನು ಬಿಟ್ಟರೆ.

ಕಣ್ಣೊರೆಸಿಕೊಂಡು ಅಮ್ಮ ಆಗಲೇ ದೊಡ್ಡ ಪಾತೇಲಿಗೆ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕತೊಡಗಿದ್ದಳು. ಕಾಕೂ ಲಗ್ನದ ಊಟಕ್ಕೂ ಅದೇ ಪನ್ಹೆ ಇರಲಿ ಅಂದಿದ್ದರಂತೆ.

"ಲಗ್ನದ ಮುಂಜಾನೆ ಮತ್ತ ಚುಕ್ಕಾ ತರಬೇಕ್ರಿ," ಅಂದಳು ಅಪ್ಪನಿಗೆ. "ಈ ಸಲ ಬೇಕಂತನs ಚುಕ್ಕಾ. ನೆನಪಿರ್ತದಲ್ಲ?"

ಅಪ್ಪ ಇನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಇದ್ದರು. "ನೀ ಪಾಲಕ್ ತರ್ರಿ ಅಂತ ಹೇಳು," ಅಂದರು. "ಚುಕ್ಕಾ ತಾನs ಬರ್ತದ."